ಕಿವಿ ಹಿಂಡಿದ ಬೆರಳುಗಳು

"ಯಂತ್ರ ಸುಳ್ಳು ಹೇಳಲ್ಲ ಕಣಮ್ಮ," ಎಂದ ಪೊಲೀಸ್ ಸಾಹೇಬ.

"ನಿಜಾನೂ ಹೇಳಲ್ಲ ಸಾಹೇಬ್ರೆ. ನಾವು ಬಾಯಿಗೆ ಹಾಕಿದ್ದನ್ನ ವಾಪಸ್ ಉಗುಳುತ್ತೆ, ಅಷ್ಟೆ," ಎಂದಳು ದಫೇದಾರಕ್ಕ.

ಶೀತಲಗೃಹದ ನೆಲಮಾಳಿಗೆ. ಹಗಲೇ ಆದರೂ ಅಲ್ಲಿಗೆ ಹಗಲು ಇಳಿದು ಬರುವ ದಾರಿ ಇರಲಿಲ್ಲ. ತಲೆಗೆ ತಾಗುವ ಹಾಗೆ ಹಾದುಹೋದ ಪೈಪುಗಳು ಬೆವರುತ್ತಿದ್ದವು. ಮೂಲೆಯ ಕಬ್ಬಿಣದ ಮೇಜಿನ ಮೇಲೆ ಆ ಹಳೆಯ ಕಂಪ್ಯೂಟರ್. ಮೇಲಿನ ಆಫೀಸಿನ ಯಂತ್ರಗಳಂತೆ ಬಣ್ಣದ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಕೋಣೆ ಕೋಣೆಗಳ ಗಾಳಿ ಹೊರದಬ್ಬುವ ದೊಡ್ಡ ಫ್ಯಾನುಗಳ ಜುಟ್ಟು ಮಾತ್ರ ಇದರ ಕೈಯಲ್ಲಿತ್ತು.

ಎಂಟನೆಯ ಕೋಣೆಯಲ್ಲಿ ಅಮೋನಿಯಾ ಸೋರಿದ ಹೊತ್ತಿಗೇ ಫ್ಯಾನುಗಳು ನಿಂತು, ಹಣ್ಣು ಆರಿಸುತ್ತಿದ್ದ ಇಬ್ಬರು ಹೆಂಗಸರು ಸತ್ತು ವಾರವಾಗಿತ್ತು. ಫ್ಯಾನು ನಿಲ್ಲಿಸಿದ್ದು ಆಪರೇಟರ್ ಗುಬ್ಬಿಯ ಹೆಸರಿನಲ್ಲಿ ಒಳಹೊಕ್ಕ ಕೈ ಎಂದು ಯಂತ್ರ ಹೇಳುತ್ತಿತ್ತು. ಸತ್ತವರಲ್ಲಿ ಒಬ್ಬಳು ಗುಬ್ಬಿಯ ಒಡಹುಟ್ಟಿದ ಅಕ್ಕ.

ಗುಬ್ಬಿ ಈಗ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅವಳ ತೋಳು ಮಹಿಳಾ ಪೇದೆಯ ಮುಷ್ಟಿಯಲ್ಲಿತ್ತು. ಹೆಸರಿಗೆ ತಕ್ಕ ಮೈ. ವಾರದಲ್ಲಿ ಅದೂ ಅರ್ಧವಾಗಿತ್ತು.

"ಇವತ್ತು ಸಂಜೆ ಇವಳನ್ನ ಕೋರ್ಟಿಗೆ ಕೊಡ್ತೀನಿ," ಎಂದ ಸಾಹೇಬ. "ಬೆಳಿಗ್ಗೆ ಅಕ್ಕನ ಜೊತೆ ಜಗಳ. ಮಧ್ಯಾಹ್ನ ಅಕ್ಕ ಇದ್ದ ಕೋಣೇದೇ ಫ್ಯಾನ್ ನಿಲ್ತು. ಆಗ ನೀನೆಲ್ಲಿದ್ದೆ ಅಂದ್ರೆ ನೀರು ಕುಡಿಯೋಕೆ ಮೇಲೆ ಹೋಗಿದ್ದೆ ಅಂತಾಳೆ. ನೋಡಿದವರು ಯಾರು? ನಲ್ಲೀನ ಕೇಳಬೇಕು."

"ಅಕ್ಕತಂಗೀರು ಜಗಳ ಆಡದೆ ನೀವೂ ನಾನೂ ಆಡೋಕಾಗುತ್ತಾ ಸಾಹೇಬ್ರೆ?"

"ನಾವೀಗ ಆಡ್ತಿರೋದೇನು ಮತ್ತೆ?"

ಪೇದೆ ನಗು ನುಂಗಿದಳು. ದಫೇದಾರಕ್ಕನೂ ನಕ್ಕಳು, ಆದರೆ ಕಣ್ಣು ಮಾತ್ರ ಪಕ್ಕದಲ್ಲಿ ನಿಂತಿದ್ದ ಶೀತಲಗೃಹದ ಮ್ಯಾನೇಜರನ ಮೇಲಿತ್ತು. ಇಸ್ತ್ರಿ ಮುರಿಯದ ಅಂಗಿ, ಮೂಗಿಗೆ ಕರವಸ್ತ್ರ. ಇಬ್ಬರು ಸತ್ತ ಮನೆಯಲ್ಲಿ ಅವನಿಗೆ ಚಿಂತೆಯಾಗಿದ್ದುದು ವಾಸನೆಯೊಂದೇ.

ಅವಳು ಒಂದು ಕಾಲದಲ್ಲಿ ನಿಜವಾಗಿಯೇ ದಫೇದಾರಳಾಗಿದ್ದವಳು. ಠಾಣೆಯಲ್ಲಿ ಏಟು ತಿಂದು ಸತ್ತವನನ್ನು ಎದೆನೋವಿನಿಂದ ಸತ್ತ ಎಂದು ಬರೆ ಎಂದಾಗ, ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು ಬಂದಿದ್ದಳು. ಬೆಲ್ಟು ಹೋಯಿತು, ಹೆಸರು ಉಳಿಯಿತು. ಅಂದಿನಿಂದ ಕಾರ್ಖಾನೆಗಳ ಹಿಂದಿನ ಬೀದಿಗಳಲ್ಲಿ ಯಾರ ಮೇಲೆ ಸುಳ್ಳು ಕೇಸು ಬಿದ್ದರೂ ಅವಳ ಮನೆಯ ಕದ ಬಡಿಯುತ್ತಿದ್ದರು. ಈ ಬಾರಿ ಕದ ಬಡಿದವನು ಗುಬ್ಬಿಯ ಭಾವ.

ಅವನೂ ಇಲ್ಲೇ ಇದ್ದ, ಮೇಜಿನ ಪಕ್ಕದ ಕಂಬಕ್ಕೆ ಒರಗಿ. ಇದೇ ಶೀತಲಗೃಹದ ಲೋಡಿಂಗ್ ಮೇಸ್ತ್ರಿ. ಹೆಂಡತಿ ಸತ್ತ ಮೇಲೆ ಅವನ ಬಾಯಿಂದ ಮಾತು ಬರುವುದೇ ಕಡಿಮೆಯಾಗಿತ್ತು. "ನಮ್ಮ ಗುಬ್ಬಿ ಅಂಥವಳಲ್ಲ ಅಕ್ಕ, ಹೇಗಾದ್ರೂ ಬಿಡಿಸು," ಎಂದು ದಫೇದಾರಕ್ಕನ ಹೊಸ್ತಿಲಲ್ಲಿ ಕೂತು ಅತ್ತಿದ್ದ. ಆಗ ಹೆಗಲ ಮೇಲೆ ಮೂರು ವರ್ಷದ ಮಗಳು ನಿದ್ದೆ ಹೋಗಿದ್ದಳು. ಅಮ್ಮನನ್ನು ಕೇಳಿ ಕೇಳಿ ಸೋತ ಮಗು ಈಗ ಅಪ್ಪನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲವಂತೆ. ಇವತ್ತು ಮಾತ್ರ ಪಕ್ಕದ ಮನೆಯಲ್ಲಿ ಮಲಗಿಸಿ ಬಂದಿದ್ದ.

"ಒಂದೇ ಒಂದು ಪರೀಕ್ಷೆ," ಎಂದಳು ದಫೇದಾರಕ್ಕ. "ಮ್ಯಾನೇಜರ್ ಸಾಹೇಬ್ರು ಇಲ್ಲಿ ಕೂತು, ತಮ್ಮ ಹೆಸರಲ್ಲಿ ಒಳಗೆ ಹೋಗಿ ತೋರಿಸ್ಲಿ. ಆಮೇಲೆ ನೀವುಂಟು, ಕೋರ್ಟುಂಟು."

"ನಾನ್ಯಾಕೆ?" ಕರವಸ್ತ್ರ ಕೆಳಗಿಳಿಯಿತು. "ನಾನು ಈ ಮೆಷಿನ್ ಮುಟ್ಟಿದವನೇ ಅಲ್ಲ."

"ಮುಟ್ಟಿಲ್ಲ ಅಂತ ಗೊತ್ತಾಗ್ಲಿ ಅಂತಾನೇ."

ಅವಳ ಲೆಕ್ಕಾಚಾರ ಹಳೆಯದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಿರುತ್ತಾನೆ. ಇಲ್ಲಿ ಹೆಗಲ ಬದಲು ಬೆರಳು.

ಲಾಕಪ್ಪಿನ ಸರಳಿಗೆ ಹಣೆ ಒತ್ತಿಕೊಂಡು ಗುಬ್ಬಿ ಹೇಳಿದ ಮಾತು ಅದು. ಆ ಕೀಬೋರ್ಡಿಗೆ ಒಂದು ರೋಗವಿತ್ತು. ಹೆಸರು ಕೇಳುವ ಕಪ್ಪು ಪರದೆ ಬಂದಾಗಲೆಲ್ಲ, ಯಾರೂ ಮುಟ್ಟದೆಯೇ, ಶಿಫ್ಟ್ ಕೀಲಿಯನ್ನು ಯಾರೋ ಒತ್ತಿ ಹಿಡಿದಿದ್ದಾರೆ ಎಂದು ಅದು ಭ್ರಮಿಸುತ್ತಿತ್ತು. ಸಣ್ಣಕ್ಷರ ಹೊಡೆದರೆ ಕ್ಯಾಪಿಟಲ್ ಬೀಳುತ್ತಿತ್ತು, ಅಂಕಿ ಹೊಡೆದರೆ ಏನೇನೋ ಚಿಹ್ನೆ. ಹೆಸರಾದರೆ ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಪಾಸ್‌ವರ್ಡಿನಲ್ಲಿ ಅಂಕಿ ಇರಲೇಬೇಕು ಎಂಬುದು ಕಂಪನಿಯ ಕಟ್ಟಪ್ಪಣೆ. ಕುರುಡನಿಗೆ ಕಣ್ಣು ಕಟ್ಟಿ ಬಾವಿ ದಾಟಿಸಿದಂತೆ.

ಹೊಸ ಕೀಬೋರ್ಡ್ ಕೊಡಿ ಎಂದು ಗುಬ್ಬಿ ಕೇಳಿದ್ದಳು. ಇನ್ನೊಂದು ಪಾಳಿಯ ಆಪರೇಟರನೂ ಕೇಳಿದ್ದ. "ಇರೋದ್ರಲ್ಲೇ ಹೊಂದಿಸ್ಕೊಳ್ಳಿ," ಎಂದು ಬಂದಿತ್ತು ಉತ್ತರ. ಹೊಂದಿಸಿಕೊಂಡರು. ಬಡವರಿಗೆ ಕಲಿಸದೇ ಬರುವ ವಿದ್ಯೆ ಅದೊಂದೇ ತಾನೆ? ಎರಡು ಕೈಯ ಕಿರುಬೆರಳನ್ನು ಅತ್ತ ಒಂದು ಇತ್ತ ಒಂದು ಚಾಚಿ, ಎರಡು ತುದಿಯ ಶಿಫ್ಟನ್ನೂ ಒಟ್ಟಿಗೆ ಒಂದು ಸಲ ಒತ್ತಿ ಬಿಟ್ಟರೆ ಭೂತ ಇಳಿಯುತ್ತಿತ್ತು. ಆಮೇಲೆ ಎಲ್ಲ ಸರಿ.

"ಅದಕ್ಕೆ ನಾವು ಕಿವಿ ಹಿಂಡೋದು ಅಂತೀವಿ ಅಕ್ಕ," ಎಂದಿದ್ದಳು ಗುಬ್ಬಿ. "ಎರಡೂ ಕಿವಿ ಹಿಂಡದಿದ್ರೆ ಪಾಠ ಒಪ್ಪಿಸಲ್ಲ ಇದು. ಈಗ ನಂಗೆ ಮೇಲೆ ಒಳ್ಳೆ ಮೆಷಿನ್ ಕೊಟ್ರೂ ಮೊದಲು ಬೆರಳು ಅಲ್ಲಿಗೇ ಹೋಗುತ್ತೆ. ತಡೆಯೋಕಾಗಲ್ಲ."

"ಇದು ಇನ್ನಾರಿಗೆ ಗೊತ್ತು?"

"ನಂಗೆ, ಆ ಅಣ್ಣಂಗೆ. ಅಷ್ಟೇ."

ಆ ಅಣ್ಣ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿ ತಿಂಗಳಾಗಿತ್ತು. ನೀರಿಗೆ ಹೋಗುವ ಮುನ್ನ ಗುಬ್ಬಿ ತನ್ನ ಹೆಸರಿನಿಂದ ಹೊರಬಂದೇ ಎದ್ದಿದ್ದಳು. ಹಾಗಾದರೆ ಅಂದು ಈ ಕುರ್ಚಿಯಲ್ಲಿ ಕೂತು ಗುಬ್ಬಿಯ ಹೆಸರು ಹೊಡೆದ ಮೂರನೆಯವನಿಗೂ ಕಿವಿ ಹಿಂಡುವುದು ಗೊತ್ತಿರಲೇಬೇಕು. ಗೊತ್ತಿದ್ದವನ ಬೆರಳು ಸುಮ್ಮನಿರಲಾರದು.

"ಆಯ್ತು, ಮುಗಿಸಿ ಆ ನಾಟಕ," ಎಂದ ಸಾಹೇಬ.

ಆ ಸಾವುಗಳಾದ ಮೇಲೆ ದುರಸ್ತಿಗೆಂದು ಬಂದ ಹೊರಗಿನವನೊಬ್ಬ ತನ್ನದೇ ಕೀಬೋರ್ಡ್ ಸಿಕ್ಕಿಸಿ, ತನ್ನ ಹೆಸರಲ್ಲಿ ಒಳಹೊಕ್ಕು, ಫ್ಯಾನುಗಳನ್ನು ತನ್ನ ಹೆಸರಿಗೇ ಗಂಟುಹಾಕಿ ಓಡಲು ಬಿಟ್ಟು ಹೋಗಿದ್ದ. ಅವನನ್ನು ಹೊರಹಾಕಿದರಷ್ಟೇ ಹೆಸರು ಕೇಳುವ ಪರದೆ ಬರುವುದು.

"ಅಕ್ಕ, ದುರಸ್ತಿಯವರ ಹೆಸರಿಂದ ಹೊರಗೆ ಬಂದ ತಕ್ಷಣ ಫ್ಯಾನ್ ನಿಲ್ಲುತ್ತೆ," ಎಂದಳು ಗುಬ್ಬಿ. ಇವತ್ತು ಅವಳು ಆಡಿದ ಮೊದಲ ಮಾತು. "ಎಂಟನೇ ಕೋಣೇಲಿ ಪೈಪು ಇನ್ನೂ ಜಿನುಗ್ತಾ ಇದೆ. ಒಳಗೆ ಯಾರೂ ಇಲ್ವಲ್ಲ?"

"ಯಾರೂ ಇಲ್ಲ," ಎಂದ ಮ್ಯಾನೇಜರ್. "ಪೊಲೀಸ್ ಸೀಲ್ ಬಿದ್ದಿದೆ. ಯಾರಿರ್ತಾರೆ ಅಲ್ಲಿ? ದೆವ್ವಾನಾ?"

ಆ ಮಾತಿಗೆ ಮೇಸ್ತ್ರಿ ತಲೆ ಎತ್ತಿ ಮ್ಯಾನೇಜರನ ಮುಖ ನೋಡಿದ. ಸತ್ತ ಹೆಂಡತಿಯನ್ನು ದೆವ್ವ ಎಂದರೆ ಯಾವ ಗಂಡ ನೋಡದೆ ಇರುತ್ತಾನೆ ಎಂದುಕೊಂಡಳು ದಫೇದಾರಕ್ಕ. ಆ ನೋಟವನ್ನು ಅಷ್ಟಕ್ಕೇ ಬಿಟ್ಟಳು. ಅದೇ ಅವಳ ತಪ್ಪು.

ಅವಳೇ ಹಳೆಯ ಕೀಬೋರ್ಡ್ ಸಿಕ್ಕಿಸಿದಳು. ಗುಬ್ಬಿ ಹೇಳಿಕೊಟ್ಟಂತೆ ಹೊರಬಂದಳು. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಕಪ್ಪಿನಲ್ಲಿ ಒಂದೇ ಸಾಲು, ಹೆಸರು ಕೇಳುವ ಸಾಲು, ಅದರ ಮುಂದೆ ಮಿಟುಕುವ ಗೆರೆ. ಗೋಡೆಯಾಚೆ ಅಷ್ಟು ಹೊತ್ತೂ ಗುಂಯ್‌ಗುಡುತ್ತಿದ್ದ ಫ್ಯಾನು ಸುಸ್ತಾಗಿ ನಿಂತಿತು. ಆಗಷ್ಟೇ ಗೊತ್ತಾಯಿತು, ಅಲ್ಲಿ ಎಷ್ಟು ಸದ್ದಿತ್ತು ಎಂದು.

ಮ್ಯಾನೇಜರ್ ಕುರ್ಚಿಯ ಧೂಳು ಝಾಡಿಸಿ ಕೂತ. ದಫೇದಾರಕ್ಕ ಅವನ ಕಿರುಬೆರಳುಗಳ ಮೇಲೆ ಕಣ್ಣು ನೆಟ್ಟಳು.

ಕಿರುಬೆರಳುಗಳು ಕದಲಲಿಲ್ಲ. ಒಂದರಲ್ಲಿ ಹರಳಿನ ಉಂಗುರ, ಇನ್ನೊಂದು ಆಫೀಸಿನ ಚಹದ ಲೋಟ ಹಿಡಿಯುವಂತೆ ಸೊಟ್ಟಗೆ ನಿಂತಿತ್ತು. ಎರಡು ತೋರುಬೆರಳಲ್ಲಿ ಕೋಳಿ ಕಾಳು ಹೆಕ್ಕಿದಂತೆ ಹೆಸರು ಹೊಡೆದ. ಪರದೆಯ ಮೇಲೆ ಎಲ್ಲವೂ ಕ್ಯಾಪಿಟಲ್.

"ಇದ್ಯಾಕೆ ಹೀಗೆ?"

ಅಳಿಸಿ ಮತ್ತೆ ಹೊಡೆದ. ಮತ್ತೆ ಕ್ಯಾಪಿಟಲ್. ಕ್ಯಾಪ್ಸ್ ಲಾಕ್ ಒತ್ತಿದ. ಈ ಸಲ ಸಣ್ಣಕ್ಷರ ಬಂತು.

"ಹಾಂ! ಬಂತು ನೋಡಿ!" ಎಂದು ಎದೆ ಸೆಟೆಸಿ, ಪಾಸ್‌ವರ್ಡ್ ಹೊಡೆದು, ಎಂಟರ್ ಕೀಲಿಗೆ ಒಂದು ಗುದ್ದು ಕೊಟ್ಟ. ಯಂತ್ರ ಒಪ್ಪಲಿಲ್ಲ. ಕಾಣದ ಕಡೆ ಅಂಕಿಗಳು ಚಿಹ್ನೆಗಳಾಗಿ ಬಿದ್ದಿದ್ದವು. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಇನ್ನೊಮ್ಮೆ ಹೊಡೆದ. ಮತ್ತೂ ಒಮ್ಮೆ. ಕಿವಿಯ ಹಿಂದೆ ಬೆವರಿತು.

ನಟನೆಯಲ್ಲ ಅದು. ದಫೇದಾರಕ್ಕ ಕಳ್ಳರ ನಟನೆ ಕಂಡವಳು. ಈ ಬೆರಳುಗಳಿಗೆ ಕಿವಿ ಹಿಂಡುವುದು ನಿಜಕ್ಕೂ ಗೊತ್ತಿರಲಿಲ್ಲ.

"ಮುಗೀತಾ?" ಸಾಹೇಬ ಟೋಪಿ ಹಾಕಿಕೊಂಡ. "ಮೆಷಿನ್ ಕೆಟ್ಟಿದೆ, ಮ್ಯಾನೇಜರಿಗೆ ಬರಲ್ಲ, ಇವಳಿಗೆ ಮಾತ್ರ ಬರುತ್ತೆ. ಗುಬ್ಬಿ ಕುತ್ತಿಗೆಗೆ ನೀನೇ ಹಗ್ಗ ಹೊಸೆದು ಕೊಟ್ಟೆಯಲ್ಲಮ್ಮ, ದಫೇದಾರಕ್ಕ!"

ಗುಬ್ಬಿ ಅವಳತ್ತ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಅದೇ ಹೆಚ್ಚು ಚುಚ್ಚಿತು.

ಠಣ್.

ತಲೆಯ ಮೇಲಿನ ಪೈಪು.

ಠಣ್. ಠಣ್ ಠಣ್.

"ಏನದು?" ಎಂದ ಸಾಹೇಬ.

ಮ್ಯಾನೇಜರನ ಮುಖದ ರಕ್ತ ಇಳಿಯಿತು. ಪೈಪನ್ನು ಯಾರೋ ಗಟ್ಟಿಯಾದುದರಿಂದ ಬಡಿಯುತ್ತಿದ್ದರು. ಒಂದೇ ಸಮನೆ, ಹುಚ್ಚು ಹಿಡಿದಂತೆ. ಪೈಪು ಬರುತ್ತಿದ್ದುದು ಎಂಟನೆಯ ಕೋಣೆಯಿಂದ.

"ಒಳಗೆ ಜನ ಇದಾರೆ!" ಎಂದು ಗುಬ್ಬಿ ಕಿರುಚಿದಳು.

ದಫೇದಾರಕ್ಕ ಮ್ಯಾನೇಜರನ ಅಂಗಿ ಹಿಡಿದು ಎಬ್ಬಿಸಿದಳು. "ಯಾರನ್ನ ಬಿಟ್ಟಿದೀಯೋ ಒಳಗೆ?"

"ಹಣ್ಣು... ಹಣ್ಣೆಲ್ಲ ಕೊಳೀತಾ ಇತ್ತು... ಮೇಲಿನವರು ಖಾಲಿ ಮಾಡಿಸಿ ಅಂದ್ರು..."

"ಸೀಲ್ ಬಿದ್ದಿದೆ ಅಂದೆಯಲ್ಲ!"

"ಸೀಲು ಮುಂದಿನ ಬಾಗಿಲಿಗೆ. ಹಿಂದಿನಿಂದ ನಾಲ್ಕು ಹೆಂಗಸರನ್ನ..."

"ಮತ್ತೆ ಹೊರಗೆ ಬರೋಕೇನು ರೋಗ ಅವರಿಗೆ?"

"ಬೀಗ ಹಾಕಿಸಿದ್ದೆ. ನೀವೆಲ್ಲ ಬರ್ತೀರಿ ಅಂತ."

ಇಬ್ಬರು ಸತ್ತ ಕೋಣೆಗೆ ಮತ್ತೆ ನಾಲ್ವರನ್ನು ತುಂಬಿ, ಹೊರಗಿಂದ ಬೀಗ. ಕೊಳೆಯಬಾರದ್ದು ಹಣ್ಣು, ಮನುಷ್ಯರು ಕೊಳೆತರೆ ಇನ್ನೊಂದಿಷ್ಟು ಮನುಷ್ಯರು ಗೇಟಿನ ಹೊರಗೆ ಕಾದು ಕೂತಿರುತ್ತಾರೆ. ಸಾಹೇಬನಿಗೂ ಒಂದು ಕ್ಷಣ ಖಾಕಿ ಮರೆತು ಮನುಷ್ಯ ನೆನಪಾದ.

"ಬೀಗದ ಕೈ ಎಲ್ಲೋ ಬೋಳೀಮಗನೆ? ನಡಿ ಮೇಲೆ! ಏಯ್, ನೀನೂ ಬಾರೇ!" ಎಂದು ಮ್ಯಾನೇಜರನ ಕತ್ತು ಹಿಡಿದು ಮೆಟ್ಟಿಲು ಹತ್ತಿಸಿದ. ಪೇದೆ ಗುಬ್ಬಿಯ ತೋಳು ಬಿಟ್ಟು ಹಿಂದೆಯೇ ಓಡಿದಳು.

ಠಣ್ ಠಣ್. ಬಡಿತದ ನಡುವಿನ ಬಿಡುವು ಹೆಚ್ಚುತ್ತಿತ್ತು.

ಬಿಟ್ಟ ಬಾಣದಂತೆ ಗುಬ್ಬಿ ಮೇಜಿನತ್ತ ನುಗ್ಗಿದಳು. ಆದರೆ ಕಂಬ ಮೇಜಿಗೆ ಹತ್ತಿರ, ಮೆಟ್ಟಿಲು ದೂರ. ಅವಳು ತಲುಪುವ ಹೊತ್ತಿಗೆ ಕುರ್ಚಿಯನ್ನು ಕಾಲಿಂದ ಒದ್ದು ಸರಿಸಿ ಇನ್ನೊಬ್ಬ ನಿಂತಾಗಿತ್ತು.

ಮೇಸ್ತ್ರಿ.

ಮೂಟೆ ಹೊತ್ತು ಒರಟಾದ ಎರಡು ಕೈಗಳು ಕೀಬೋರ್ಡಿನ ಮೇಲೆ ಹರಡಿದವು. ಎರಡು ಕಿರುಬೆರಳುಗಳು ಅತ್ತ ಒಂದು ಇತ್ತ ಒಂದು ಚಾಚಿ, ಎರಡು ತುದಿಯನ್ನೂ ಒಟ್ಟಿಗೆ ಒತ್ತಿ, ಬಿಟ್ಟವು.

ಕಿವಿ ಹಿಂಡಿದವು.

ಆಮೇಲೆ ಹೆಸರು. ಸಣ್ಣಕ್ಷರ, ಒಂದೂ ತಪ್ಪಿಲ್ಲ. ಗುಬ್ಬಿಯ ಹೆಸರು. ಆಮೇಲೆ, ಪರದೆಯ ಮೇಲೆ ಏನೂ ಮೂಡದೆ, ಪಾಸ್‌ವರ್ಡ್. ಬೆರಳ ಜೊತೆ ಅವನ ತುಟಿಯೂ ಅಲುಗಿತು. ತುಟಿಯ ಮೇಲಿದ್ದುದು ಅವನ ಮಗಳ ಮುದ್ದಿನ ಹೆಸರು, ಅದರ ಬೆನ್ನಿಗೆ ಅವಳು ಹುಟ್ಟಿದ ವರ್ಷ. ಹುಟ್ಟಿದ ದಿನ ಆ ಹೆಸರಿಟ್ಟವಳು ಚಿಕ್ಕಮ್ಮ ಗುಬ್ಬಿ.

ಯಂತ್ರ ಒಪ್ಪಿತು. ಅವನು ಇನ್ನೆರಡು ಕೀಲಿ ಒತ್ತಿದ. ಗೋಡೆಯಾಚೆ ಫ್ಯಾನು ಕೆಮ್ಮಿ, ನರಳಿ, ಹೂಂಕರಿಸಿ ತಿರುಗತೊಡಗಿತು. ಮೇಲೆಲ್ಲೋ ಬೀಗ ಕಳಚಿದ ಸದ್ದು, ಹೆಂಗಸರ ಕೆಮ್ಮು, ಕೂಗು. ಬದುಕಿದವರ ಕೂಗು.

ಕೆಳಗೆ ಮೂವರೂ ಅಲುಗಲಿಲ್ಲ.

ಭಾವನ ಹೆಗಲ ಹಿಂದೆ ನಿಂತಿದ್ದ ಗುಬ್ಬಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ನಾಲ್ಕು ಜೀವ ಉಳಿಸಿದ ಕೈ. ಅದೇ ಕೈ. ಮೇಸ್ತ್ರಿಯೂ ಈಗ ಆ ಬೆರಳುಗಳನ್ನು ನೋಡಿದ, ಬೇರೆ ಯಾರದ್ದೋ ಎಂಬಂತೆ. ಈ ನೆಲಮಾಳಿಗೆಯ ಮೆಟ್ಟಿಲು ತುಳಿದವನೇ ಅಲ್ಲ ಎಂದು ಠಾಣೆಯಲ್ಲಿ ಹೇಳಿ ಬಂದವನು ಅವನು.

ಗೆದ್ದೆ ಎಂದು ದಫೇದಾರಕ್ಕನಿಗೆ ಅನ್ನಿಸಲಿಲ್ಲ. ತನ್ನ ಹೊಸ್ತಿಲಲ್ಲಿ ಕೂತು ಅವನು ಅತ್ತಿದ್ದ ಆ ಅಳು ಸುಳ್ಳಾಗಿರಲಿಲ್ಲ. ಅದೇ ಈಗ ಭಯ ಹುಟ್ಟಿಸುತ್ತಿತ್ತು.

"ಮೇಸ್ತ್ರಿ," ಎಂದಳು ಮೆಲ್ಲಗೆ. "ಇದರ ಕಿವಿ ಹಿಂಡೋದನ್ನ ಯಾರಪ್ಪ ಕಲಿಸಿದ್ರು ನಿಂಗೆ?"

"ಗುಬ್ಬಿ ಮಾಡೋದನ್ನ ನೋಡಿದ್ದೆ. ಅವತ್ತೂ ಹಾಗೇ ಅಂದ್ರು ಅಕ್ಕ," ಎಂದ ಮೇಸ್ತ್ರಿ. "ಒಳಗೆ ಯಾರೂ ಇಲ್ಲ ಅಂದ್ರು. ಇವತ್ತು ಅಂದ ಹಾಗೇ. ಒಂದು ಗಳಿಗೆ ನಿಲ್ಸು, ಕರೆಂಟ್ ಉಳಿಯುತ್ತೆ ಅಂದ್ರು... ಅವಳು ಒಳಗಿದಾಳೆ ಅಂತ ಗೊತ್ತಿದ್ದಿದ್ರೆ ನಾನು..."

"ಯಾರು? ಯಾರು ಅಂದಿದ್ದು?"

"ಭಾವ, ಸುಮ್ನಿರಿ," ಎಂದಳು ಗುಬ್ಬಿ.

"ಗುಬ್ಬಿ, ಅವನು ಹೇಳ್ಲಿ ಬಿಡೆ!"

"ಬೇಡ ಅಕ್ಕ. ನಿನ್ನ ಕಾಲು ಹಿಡ್ಕೋತೀನಿ. ಆ ಕೂಸಿಗೆ ಅಮ್ಮ ಹೋದ್ಲು. ಇನ್ನು ಅಪ್ಪನೂ ಹೋದ್ರೆ?" ಅವಳು ಭಾವನ ಕೈಗಳನ್ನು ಹಿಡಿದು, ಬಿಸಿ ಪಾತ್ರೆ ಇಳಿಸುವಂತೆ, ಕೀಬೋರ್ಡಿನ ಮೇಲಿನಿಂದ ಎತ್ತಿ ಕೆಳಗಿಳಿಸಿದಳು. ಅವನನ್ನು ಪಕ್ಕಕ್ಕೆ ನೂಕಿ ಕುರ್ಚಿ ಎಳೆದು ತಾನು ಕೂತಳು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೊದಲು ಸಾಹೇಬ, ಕಣ್ಣು ಕೆಂಪಾಗಿ, ಏದುಸಿರು ಬಿಡುತ್ತಾ. ಹಿಂದೆ ಪೇದೆ. ಕೊನೆಯಲ್ಲಿ ಮ್ಯಾನೇಜರ್.

"ನಾಲ್ವರೂ ಬದುಕಿದಾರೆ," ಎಂದ ಸಾಹೇಬ. "ಆ ಫ್ಯಾನು ಇನ್ನೊಂದು ಚೂರು ತಡವಾಗಿದ್ರೆ ಹೆಣ ಎತ್ತಬೇಕಿತ್ತು. ಯಾರು ಹಾಕಿದ್ದು?"

ಪರದೆಯ ಮೇಲೆ ಗುಬ್ಬಿಯ ಹೆಸರು ಬೆಳ್ಳಗೆ ಹೊಳೆಯುತ್ತಿತ್ತು.

"ನಾನೇ ಸಾರ್," ಎಂದಳು ಗುಬ್ಬಿ. ಎದ್ದು ನಿಂತು, ಎರಡೂ ಕೈ ಮುಂದೆ ಚಾಚಿದಳು. "ಈಗ ಹಾಕಿದ್ದೂ ನಾನೇ. ಅವತ್ತು ಆರಿಸಿದ್ದೂ ನಾನೇ."

ಪೇದೆ ಏನೋ ಹೇಳಲು ಬಾಯಿ ತೆರೆದಳು. ಬಂಧಿತಳ ತೋಳು ಬಿಟ್ಟು ಓಡಿದ್ದು ತಾನು ಎಂಬುದು ನೆನಪಾಗಿ ಮುಚ್ಚಿಕೊಂಡಳು. ದಫೇದಾರಕ್ಕನ ನಾಲಿಗೆಯ ತುದಿಯಲ್ಲಿ ಸತ್ಯವಿತ್ತು. ಅದನ್ನು ಉಗುಳಿದರೆ ಗುಬ್ಬಿ ಉಳಿಯುತ್ತಾಳೆ, ಒಂದು ಕೂಸು ಅನಾಥವಾಗುತ್ತದೆ, ಆರಿಸು ಎಂದ ಬಾಯಿ ಮಾತ್ರ ಎಲ್ಲೋ ಮೇಲೆ ತಣ್ಣಗೆ ನೀರು ಕುಡಿಯುತ್ತಿರುತ್ತದೆ. ನುಂಗಿದರೆ?

"ಸಾಹೇಬ್ರೆ, ಒಂದು ನಿಮಿಷ—" ಎಂದಳು.

"ಇನ್ನೊಂದು ಪರೀಕ್ಷೇನಾ? ಸಾಕಮ್ಮ ತಾಯಿ. ಬಾಯಿಬಿಟ್ಟು ಒಪ್ಕೊಂಡಿದಾಳೆ." ಕೋಳ ಕಟಕ್ಕೆಂದಿತು.

ಮೆಟ್ಟಿಲ ಮೇಲಿಂದ ಗುಬ್ಬಿ ತಿರುಗಿ ನೋಡಿದಳು. "ಭಾವ, ಮಗು ಎದ್ದಿರುತ್ತೆ. ಮನೆಗೆ ಹೋಗಿ."

ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ. ಬಾಯಿ ತೆರೆದ. "ಸಾಹೇಬ್ರೆ, ಅವಳಲ್ಲ—"

ಆ ಮಾತು ಮೆಟ್ಟಿಲು ತಲುಪುವ ಮೊದಲೇ ಒಂದು ಕೈ ಅವನ ಹೆಗಲ ಮೇಲೆ ಬಿತ್ತು. ಕಿರುಬೆರಳಲ್ಲಿ ಹರಳಿನ ಉಂಗುರ. ಮ್ಯಾನೇಜರನ ಕಣ್ಣು ಪರದೆಯ ಮೇಲೆ, ಒದ್ದ ಗುರುತು ಬಿದ್ದ ಕುರ್ಚಿಯ ಮೇಲೆ, ಮೇಸ್ತ್ರಿಯ ಬೆರಳ ಮೇಲೆ ಒಂದೊಂದಾಗಿ ನಡೆದು ಬಂದಿತ್ತು. ಕರವಸ್ತ್ರ ಜೇಬು ಸೇರಿತ್ತು.

"ಪಾಪ, ತುಂಬ ನೊಂದಿದೀಯ," ಎಂದ. "ನಡಿ ಮೇಸ್ತ್ರಿ, ನಾನೇ ಮನೆಗೆ ಬಿಡ್ತೀನಿ. ದಾರೀಲಿ ಮಗೂನೂ ಕರ್ಕೊಳ್ಳೋಣ."

ದಫೇದಾರಕ್ಕ ಒಂದೇ ಉಸಿರಿಗೆ ಮೇಲೆ ಓಡಿ ಬಂದಳು. ಅಂಗಳದಲ್ಲಿ ಜೀಪು ಬಲಕ್ಕೆ ಹೊರಳುತ್ತಿತ್ತು, ಕಾರಿನ ಬಾಗಿಲು ಮುಚ್ಚುತ್ತಿತ್ತು. ಇಷ್ಟು ವರ್ಷದಲ್ಲಿ, ಮೂಟೆ ಹೊರುವವನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡ ಮ್ಯಾನೇಜರನನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

ಕಾರು ಎಡಕ್ಕೆ ತಿರುಗಿತು. ಮೇಸ್ತ್ರಿಯ ಮನೆಯಿದ್ದುದು ಬಲಕ್ಕೆ.